ಬ್ರೌನ್ ಶುಗರ್ ಬಿಟ್ಟು ಹತ್ತು ದಿನ ಆಯ್ತು, ಇನ್ನೂ ಮಾತ್ರೆ ಯಾಕೆ?

ಪ್ರಶ್ನೆ (ಒಬ್ಬ ತಾಯಿ, ಮಂಗಳೂರು): ಡಾಕ್ಟರೇ, ನನ್ನ ಮಗನಿಗೆ 24 ವರ್ಷ. ಬ್ರೌನ್ ಶುಗರ್ ಅನ್ನು ಫಾಯಿಲ್ ಮೇಲಿಟ್ಟು ಹೊಗೆ ಎಳೆಯುತ್ತಿದ್ದನಂತೆ, ಎರಡು ವರ್ಷದಿಂದ. ನಮಗೆ ಗೊತ್ತಾಗಿದ್ದು ಈಚೆಗೆ. ಬಿಡುತ್ತೇನೆ ಎಂದು ಅವನೇ ಮನೆಯಲ್ಲಿ ಉಳಿದ. ಮೊದಲ ನಾಲ್ಕು ದಿನ ನೋಡೋಕೆ ಆಗುತ್ತಿರಲಿಲ್ಲ. ವಾಂತಿ, ಭೇದಿ, ಕಾಲುನೋವು, ರಾತ್ರಿಯಿಡೀ ಹೊರಳಾಟ. ಈಗ ಹತ್ತು ದಿನ ಆಯ್ತು. ಊಟ ಮಾಡುತ್ತಾನೆ, ಮಾತಾಡುತ್ತಾನೆ. ನಿನ್ನೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರೆ, ಕನಿಷ್ಠ ಒಂದು ವರ್ಷ ಮಾತ್ರೆ ತೆಗೆದುಕೊಳ್ಳಬೇಕು ಎಂದರು. ಆ ಮಾತ್ರೆಯೂ ಅಫೀಮಿನ ಜಾತಿಯದ್ದೇ ಎಂದು ನನ್ನ ಅಣ್ಣ ಹೇಳುತ್ತಾನೆ. ಬಿಟ್ಟಾಗಿದೆಯಲ್ಲ, ಮತ್ತೆ ಯಾಕೆ?

ಉತ್ತರ (ಮನೋವೈದ್ಯರು): ಅಮ್ಮ, ಆ ಹತ್ತು ದಿನ ಅವನ ಜೊತೆ ನಿಂತಿರಿ, ಅದು ಸಣ್ಣ ಕೆಲಸವಲ್ಲ. ಆದರೆ ಮುಗಿದಿದ್ದು ಮೈಯ ಗಲಾಟೆ ಮಾತ್ರ. ಬ್ರೌನ್ ಶುಗರ್ ಎಂದರೆ ಕಲಬೆರಕೆ ಹೆರಾಯಿನ್. ಅದು ನಿಂತ 8ರಿಂದ 12 ಗಂಟೆಗೆ ಮೂಗು ಸೋರುವುದು, ಆಕಳಿಕೆ, ಮೈ ಜುಮ್ಮೆನ್ನುವುದು ಶುರುವಾಗುತ್ತದೆ. ಎರಡು ಮೂರನೇ ದಿನ ಜೋರಾಗುತ್ತದೆ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ನಿದ್ದೆ ಸರಿಹೋಗಲು, ಮನಸ್ಸಿಗೆ ಉತ್ಸಾಹ ಬರಲು ತಿಂಗಳುಗಳೇ ಬೇಕು. ಆಸೆಯಂತೂ ಇನ್ನೂ ಹಟಮಾರಿ. ಹಳೆಯ ಗೆಳೆಯನ ಫೋನ್ ಬಂದರೆ ಸಾಕು, ಕೈಗೆ ಸಂಬಳ ಸಿಕ್ಕರೆ ಸಾಕು, ಎದ್ದು ಕೂರುತ್ತದೆ. ಬರೀ ಮೈಯಿಂದ ಇಳಿಸಿ ಮನೆಗೆ ಕಳಿಸಿದವರಲ್ಲಿ ಹೆಚ್ಚಿನವರು ಕೆಲವೇ ತಿಂಗಳಲ್ಲಿ ಮತ್ತೆ ಶುರುಮಾಡುತ್ತಾರೆ. ಇದು ನಿಮ್ಮ ಮಗನ ಮಾತಿನ ಮೇಲೆ ಅನುಮಾನವಲ್ಲ, ಈ ಕಾಯಿಲೆ ನಡೆದುಕೊಳ್ಳುವ ರೀತಿಯೇ ಹೀಗೆ.

ನಾನು ನಿಜವಾಗಿ ಹೆದರುವುದು ಬೇರೆ ಕಾರಣಕ್ಕೆ. ಎರಡು ವರ್ಷದಲ್ಲಿ ಅವನ ಮೈ ಎಷ್ಟು ತಡೆದುಕೊಳ್ಳುತ್ತಿತ್ತೋ, ಈಗ ಅಷ್ಟು ತಡೆದುಕೊಳ್ಳುವುದಿಲ್ಲ. ಬಿಟ್ಟ ಕೆಲವೇ ದಿನದಲ್ಲಿ ಆ ತಾಕತ್ತು ಇಳಿದುಬಿಡುತ್ತದೆ. ಒಂದು ಸಂಜೆ ಮನಸ್ಸು ಸೋತು ಹಳೆಯ ಲೆಕ್ಕದಲ್ಲೇ ಎಳೆದರೆ ಉಸಿರೇ ನಿಲ್ಲಬಹುದು. ರಿಹ್ಯಾಬ್‌ನಿಂದ ಅಥವಾ ಜೈಲಿನಿಂದ ಹೊರಬಂದ ಮೊದಲ ವಾರಗಳಲ್ಲಿ ಸಾವು ಜಾಸ್ತಿ ಆಗುವುದು ಇದಕ್ಕೇ. ಮನೆಯವರು ನಿಟ್ಟುಸಿರು ಬಿಟ್ಟ ಹೊತ್ತಿನಲ್ಲೇ ಅಪಾಯ ದೊಡ್ಡದು.

ಅದಕ್ಕೇ ಮಾತ್ರೆ. ಎರಡು ದಾರಿ ಇವೆ.

ಒಂದು ಬ್ಯುಪ್ರೆನಾರ್ಫಿನ್. ನಿಮ್ಮ ವೈದ್ಯರು ಹೇಳಿದ್ದು ಇದೇ ಇರಬೇಕು. ನಾಲಿಗೆ ಕೆಳಗೆ ಇಟ್ಟು ಕರಗಿಸುವ ಮಾತ್ರೆ. ನಿಮ್ಮ ಅಣ್ಣ ಹೇಳಿದ್ದು ಸುಳ್ಳಲ್ಲ, ಇದೂ ಅದೇ ಗುಂಪಿನ ಔಷಧ. ಮಿದುಳಿನಲ್ಲಿ ಹೆರಾಯಿನ್ ಹೋಗಿ ಕೂರುವ ಜಾಗದಲ್ಲೇ ಇದೂ ಕೂರುತ್ತದೆ, ಇನ್ನೂ ಗಟ್ಟಿಯಾಗಿ ಕೂರುತ್ತದೆ. ಆದರೆ ಪೂರ್ತಿ ಕೆಲಸ ಮಾಡುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಡೋಸ್ ಏರಿಸಿದರೂ ಅಮಲು ಏರುವುದಿಲ್ಲ. ಉಸಿರಾಟದ ಮೇಲೂ ಪರಿಣಾಮ ಅಲ್ಲಿಗೇ ನಿಲ್ಲುತ್ತದೆ. ಅದರ ಮೇಲೆ ಹೆರಾಯಿನ್ ಎಳೆದರೂ ಬೇಕಾದ ಕಿಕ್ ಸಿಗುವುದಿಲ್ಲ. 

ಇನ್ನೊಂದು ನ್ಯಾಲ್ಟ್ರೆಕ್ಸೋನ್. ಇದು ಅಮಲಿನ ಗುಂಪಿನದ್ದೇ ಅಲ್ಲ. ಆ ಜಾಗವನ್ನು ಸುಮ್ನೆ ಮುಚ್ಚಿಬಿಡುತ್ತದೆ. ಶುರುಮಾಡುವ ಮೊದಲು 7ರಿಂದ 10 ದಿನ ಮೈಯಲ್ಲಿ ಹೆರಾಯಿನ್ ಇರಬಾರದು, ಲಿವರ್ ಪರೀಕ್ಷೆ ಆಗಬೇಕು. ನಿಮ್ಮ ಮಗ ಆ ಗಡಿ ದಾಟಿದ್ದಾನೆ, ಹಾಗಾಗಿ ಕೇಳಿ ನೋಡಬಹುದು. ತೊಂದರೆ ಏನೆಂದರೆ, ಬಿಟ್ಟರೆ ಏನೂ ಆಗುವುದಿಲ್ಲವಾದ್ದರಿಂದ ಜನ ಬಿಟ್ಟುಬಿಡುತ್ತಾರೆ. ಆಗ ತಡೆಯೂ ಇಲ್ಲ, ತಾಕತ್ತೂ ಇಲ್ಲ. ಮನೆಯಲ್ಲಿ ಒಬ್ಬರು ದಿನಾ ಎದುರಿಗೆ ನಿಂತು ಕೊಡುವ ಹಾಗಿದ್ದರೆ ಮಾತ್ರ ಇದನ್ನು ಆರಿಸಿಕೊಳ್ಳಿ. ನನ್ನ ಒಲವು ಬ್ಯುಪ್ರೆನಾರ್ಫಿನ್ ಕಡೆಗೇ.

ಸದಸ್ಯರೊಬ್ಬರು: ಕ್ಷಮಿಸಿ ಡಾಕ್ಟರ್, ಇದು ಒಂದು ಚಟ ಬಿಡಿಸಿ ಇನ್ನೊಂದು ಚಟ ಹಿಡಿಸಿದಂತೆ ಅಲ್ವಾ?

ಉತ್ತರ: ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಹೆರಾಯಿನ್ ಹಿಡಿದವನ ಒಂದು ದಿನ ನೋಡಿ. ಬೆಳಿಗ್ಗೆ ಎದ್ದಾಗಲೇ ಮೈ ನೋಯುತ್ತದೆ. ದುಡ್ಡು ಹೊಂದಿಸಬೇಕು. ಮಾಲು ಹುಡುಕಬೇಕು. ಎಳೆದ ಮೇಲೆ ತೂಕಡಿಕೆ, ನಾಲ್ಕೈದು ಗಂಟೆಗೆ ಮತ್ತೆ ಅದೇ ಓಟ. ಬ್ಯುಪ್ರೆನಾರ್ಫಿನ್ ಮೇಲಿರುವವನು ಬೆಳಿಗ್ಗೆ ಒಂದು ಸಲ ಮಾತ್ರೆ ಇಟ್ಟುಕೊಳ್ಳುತ್ತಾನೆ, ಕೆಲಸಕ್ಕೆ ಹೋಗುತ್ತಾನೆ. ಮೈಗೆ ಅಭ್ಯಾಸ ಆಗುತ್ತದೆ ಎಂಬುದು ನಿಜ, ಥಟ್ಟನೆ ನಿಲ್ಲಿಸಿದರೆ ಅದಕ್ಕೂ ಮೈಕೈ ನೋವು ಬರುತ್ತದೆ. ಚಟ ಎನ್ನುವುದು ಬದುಕನ್ನೇ ಕಿತ್ತುಕೊಳ್ಳುವಂಥದ್ದು, ಇದು ಬದುಕನ್ನು ವಾಪಸ್ ಕೊಡುತ್ತದೆ.

ಮೆಥಡೋನ್ (ಇದೇ ಚಿಕಿತ್ಸೆಗೆ ಬಳಸುವ ಇನ್ನೊಂದು ಔಷಧ) ಮತ್ತು ಬ್ಯುಪ್ರೆನಾರ್ಫಿನ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಈ ಚಿಕಿತ್ಸೆಯಲ್ಲಿ ಉಳಿದವರಲ್ಲಿ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಉಪದೇಶ ಮಾತ್ರ ಮಾಡಿ ಕಳಿಸಿದರೆ ಆ ಫಲ ಸಿಗುವುದಿಲ್ಲ.

ಇನ್ನೊಬ್ಬ ಸದಸ್ಯರು: ನಾನು ಈ ಮಾತ್ರೆ ತೆಗೆದುಕೊಳ್ಳುವವನು. ಮಲಬದ್ಧತೆ ಆಗುತ್ತದೆ, ಬಾಯಿ ಒಣಗುತ್ತದೆ, ಅದನ್ನು ಮೊದಲೇ ಯಾರೂ ಹೇಳಲಿಲ್ಲ. ಉಳಿದಂತೆ ಆರಾಮ.

ಉತ್ತರ: ಸರಿಯಾಗಿ ಹೇಳಿದಿರಿ. ಬೆವರುವುದನ್ನೂ ಸೇರಿಸಿ. ಜೊತೆಗೆ ಒಂದು ಗಂಭೀರ ಮಾತು: ಇದರ ಜೊತೆ ಮದ್ಯ, ನಿದ್ದೆ ಮಾತ್ರೆ ಬೇಡ. ಎರಡೂ ಸೇರಿದರೆ ಉಸಿರು ಕುಗ್ಗುತ್ತದೆ.

ಪ್ರಶ್ನೆ (ಹುಬ್ಬಳ್ಳಿ): ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಕೊಟ್ಟರೆ ಚಟ ಬಿಡುತ್ತದೆ ಎಂಬ ಪುಡಿಯ ಜಾಹೀರಾತು ನೋಡಿದೆ. ತಮ್ಮನಿಗೆ ಕೊಡಬಹುದಾ? ಆಸ್ಪತ್ರೆ ಎಂದರೆ ಬರುವುದೇ ಇಲ್ಲ.

ಉತ್ತರ: ಬೇಡವೇ ಬೇಡ. ಪುಡಿಯಲ್ಲಿ ಏನಿದೆ ಎಂದು ಮಾರುವವನೂ ಹೇಳುವುದಿಲ್ಲ. ಅದರಲ್ಲಿ ನ್ಯಾಲ್ಟ್ರೆಕ್ಸೋನ್‌ನಂಥದ್ದು ಇದ್ದು, ತಮ್ಮ ಅವತ್ತೇ ಹೆರಾಯಿನ್ ತೆಗೆದುಕೊಂಡಿದ್ದರೆ, ನಾಲ್ಕು ದಿನದ ನರಳಾಟ ಒಂದೇ ಗಂಟೆಯಲ್ಲಿ ಮೈಮೇಲೆ ಬೀಳುತ್ತದೆ. ವಾಂತಿ ಭೇದಿಯಲ್ಲಿ ನೀರು ಬತ್ತಿ ಐಸಿಯು ಸೇರಬೇಕಾಗಬಹುದು. ಆಮೇಲೆ ಮನೆ ಊಟವನ್ನೂ ಅವನು ನಂಬುವುದಿಲ್ಲ.

ಬರಲ್ಲ ಎನ್ನುವವರಿಗೆ ನನ್ನ ಸಲಹೆ: ಮೊದಲು ನೀವೇ ಬನ್ನಿ. 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಹತ್ತಿರ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಹೆಚ್ಚಿನವರಿಗೆ ಹೆದರಿಕೆ ಇರುವುದು ಚಿಕಿತ್ಸೆಯ ಬಗ್ಗೆ ಅಲ್ಲ, ನೋವಿನ ಬಗ್ಗೆ. ‘ನೋವಿಲ್ಲದ ಹಾಗೆ ಬಿಡಿಸುವ ಮಾತ್ರೆ ಇದೆಯಂತೆ, ಕೇಳಿಕೊಂಡು ಬರೋಣ’ ಎಂದು ಹೇಳಿ ನೋಡಿ. ಬಯ್ಯುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರಶ್ನೆ (ಹೆಸರು ಬೇಡ, ಬೆಂಗಳೂರು): ನಾನೇ ಬಳಸುವವನು. ವಯಸ್ಸು 29, ಐಟಿ ಕೆಲಸ. ಮೊದಲು ಹೊಗೆ, ಈಗ ಇಂಜೆಕ್ಷನ್. ರಜೆ ಹಾಕಿ ಮನೆಯಲ್ಲೇ ಬಿಡೋಣ ಎಂದರೆ ಎರಡನೇ ದಿನಕ್ಕೆ ಟರ್ಕಿ ತಡೆಯಲಾಗದೆ ಮತ್ತೆ ಹೋಗುತ್ತೇನೆ. ಆಸ್ಪತ್ರೆಗೆ ಬಂದರೆ ಪೊಲೀಸರಿಗೆ ಹೇಳುತ್ತಾರಾ? ಆಫೀಸಿಗೆ ಗೊತ್ತಾಗುತ್ತದಾ? ಅಡ್ಮಿಟ್ ಆಗಲೇಬೇಕಾ?

ಉತ್ತರ: ಮೂರಕ್ಕೂ ಸಾಲಾಗಿ ಉತ್ತರ: ಹೇಳುವುದಿಲ್ಲ, ಗೊತ್ತಾಗುವುದಿಲ್ಲ, ಸಾಮಾನ್ಯವಾಗಿ ಬೇಕಿಲ್ಲ. (ನೀವು ಟರ್ಕಿ ಎಂದಿದ್ದು ಬಿಟ್ಟಾಗ ಬರುವ ಮೈಕೈ ನೋವಿಗೆ. ಉಳಿದವರಿಗೆ ತಿಳಿಯಲಿ ಎಂದು ಬರೆದೆ.)

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕವಸ್ತುವಿನ ದುರ್ಬಳಕೆಯ ತೊಂದರೆಗಳೂ ಕಾಯಿಲೆ ಎಂದೇ ಸೇರಿವೆ. ಅದರ 23ನೇ ಸೆಕ್ಷನ್ ಪ್ರಕಾರ ನಿಮ್ಮ ವಿಷಯ ಗುಟ್ಟಾಗಿಡುವುದು ನಮ್ಮ ಕರ್ತವ್ಯ. ಆಫೀಸಿನವರು ಫೋನ್ ಮಾಡಿದರೂ ಹೇಳುವ ಹಾಗಿಲ್ಲ. ಪೊಲೀಸರ ವಿಷಯಕ್ಕೆ 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 64ಎ ಸೆಕ್ಷನ್ ಓದಿಕೊಳ್ಳಿ. ಬಳಸಿದ್ದಕ್ಕೆ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸ್ ಆದವನು, ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆ ಕೇಳಿದರೆ, ಅವನಿಗೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾರುವವರಿಗೆ ಇದು ಸಿಗುವುದಿಲ್ಲ. ನಿಜವಾಗಿ ಕೇಸ್ ಇದ್ದರೆ ವಕೀಲರನ್ನು ಕೇಳಿ, ನಾನು ವೈದ್ಯ ಮಾತ್ರ.

ಇನ್ನು ಬಿಡುವ ವಿಧಾನ. ಎರಡನೇ ದಿನ ಸೋಲುವುದು ನಿಮ್ಮ ಮನಸ್ಸು ಗಟ್ಟಿಯಿಲ್ಲ ಅಂತಲ್ಲ, ಅದು ನೋವು ಜೋರಾಗುವ ದಿನ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇದೆ, ಒಪಿಡಿಗೆ ಬನ್ನಿ. ಮೊದಲ ದಿನ ಬರುವಾಗ ಕೊನೆಯ ಇಂಜೆಕ್ಷನ್ ಆಗಿ ಕನಿಷ್ಠ 12 ಗಂಟೆ ಕಳೆದಿರಲಿ, ಮೂಗು ಸೋರಲು, ಮೈ ನೋಯಲು ಶುರುವಾಗಿರಲಿ. ಇದು ತುಂಬಾ ಮುಖ್ಯ. ಹೆರಾಯಿನ್ ಇನ್ನೂ ಮೈಯಲ್ಲಿ ಇರುವಾಗಲೇ ಬ್ಯುಪ್ರೆನಾರ್ಫಿನ್ ಇಟ್ಟರೆ ಅದನ್ನು ದಬ್ಬಿ ಕೂರುತ್ತದೆ, ಥಟ್ಟನೆ ಟರ್ಕಿ ಹತ್ತುತ್ತದೆ. ‘ಆ ಮಾತ್ರೆ ನನಗೆ ಆಗಿಬರಲಿಲ್ಲ’ ಎನ್ನುವವರಲ್ಲಿ ಹಲವರಿಗೆ ಆಗಿದ್ದು ಇದೇ. ಸರಿಯಾದ ಹೊತ್ತಿಗೆ ಕೊಟ್ಟರೆ ಒಂದು ಗಂಟೆಯೊಳಗೆ ನೋವು ಇಳಿಯಲು ಶುರುವಾಗುತ್ತದೆ. ಡೋಸ್ ಇಲ್ಲಿ ಬರೆಯುವುದಿಲ್ಲ, ಅದನ್ನು ಎದುರಿಗೆ ಕೂರಿಸಿಕೊಂಡೇ ಹೊಂದಿಸಬೇಕು.

ಮದ್ಯವನ್ನೋ ನಿದ್ದೆ ಮಾತ್ರೆಯನ್ನೋ ದಿನಾ ಬಳಸುತ್ತಿದ್ದರೆ ಮುಚ್ಚಿಡಬೇಡಿ. ಹೆರಾಯಿನ್ ಬಿಟ್ಟ ನೋವು ಸಾಮಾನ್ಯವಾಗಿ ಪ್ರಾಣ ತೆಗೆಯುವುದಿಲ್ಲ. ಆದರೆ ಮದ್ಯ, ನಿದ್ದೆ ಮಾತ್ರೆ ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಆಗ ಅಡ್ಮಿಷನ್ ಬೇಕು.

ಸೂಜಿ ಬಳಸಿದ್ದೀರಿ, ಹಾಗಾಗಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ. ಸಿ ಬಂದಿದ್ದರೂ ಗಾಬರಿ ಬೇಡ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಮಾತ್ರೆ ಉಚಿತ. ಹೆಚ್ಚಿನವರಿಗೆ 12 ವಾರದ ಕೋರ್ಸ್, ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನಕ್ಕೆ ವಾಸಿಯಾಗುತ್ತದೆ. ಪೂರ್ತಿ ಬಿಡುವ ತನಕ ಸೂಜಿ ಹಂಚಿಕೊಳ್ಳಬೇಡಿ, ಒಬ್ಬರೇ ಇದ್ದಾಗ ಬಳಸಬೇಡಿ. ವೈದ್ಯರು ಹೀಗೆ ಹೇಳಬಹುದಾ ಎಂದು ಯಾರಾದರೂ ಇಲ್ಲಿ ಕೇಳುತ್ತೀರಿ. ಹೇಳಲೇಬೇಕು. ಬದುಕಿದ್ದರೆ ತಾನೇ ಬಿಡುವುದು?

ಪ್ರಶ್ನೆ (ಒಬ್ಬ ತಂದೆ, ತುಮಕೂರು): ಒಂದು ಖಾಸಗಿ ಕೇಂದ್ರದವರು ಗಾಡಿ ತಂದು ಮಗನನ್ನು ಕರೆದೊಯ್ಯುತ್ತೇವೆ, ಆರು ತಿಂಗಳು ಭೇಟಿ ಇಲ್ಲ, ಫೋನ್ ಇಲ್ಲ ಎನ್ನುತ್ತಾರೆ. ಮುಂಗಡ ಕೇಳಿದ್ದಾರೆ. ಕಳಿಸಲಾ?

ಉತ್ತರ: ಕಳಿಸಬೇಡಿ. ಒಪ್ಪದವರನ್ನು ಸೇರಿಸಲು ಕಾನೂನಿನಲ್ಲಿ ದಾರಿ ಇದೆ, ಆದರೆ ಅದು ಗಾಡಿಯ ದಾರಿಯಲ್ಲ. ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ, ತನಗೋ ಬೇರೆಯವರಿಗೋ ಅಪಾಯ ತಂದುಕೊಳ್ಳುವ ಸ್ಥಿತಿ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಇಬ್ಬರು ಬೇರೆಬೇರೆಯಾಗಿ ಪರೀಕ್ಷೆ ಮಾಡಬೇಕು, ಅವರಲ್ಲಿ ಒಬ್ಬರು ಮನೋವೈದ್ಯರು. ಆಗಲೂ ಮೊದಲು 30 ದಿನದ ತನಕ ಮಾತ್ರ. ಸರಪಳಿ ಹಾಕುವುದನ್ನು 95ನೇ ಸೆಕ್ಷನ್ ನೇರವಾಗಿ ನಿಷೇಧಿಸಿದೆ.

ಒಳ್ಳೆಯ ಕೇಂದ್ರಗಳೂ ಇವೆ. ಕೇಂದ್ರಕ್ಕೆ ಹೋಗಿ ಕಣ್ಣಾರೆ ನೋಡಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ತೋರಿಸಿ ಎನ್ನಿ. ಮನೋವೈದ್ಯರು ಯಾವ ದಿನ ಬರುತ್ತಾರೆ, ಬ್ಯುಪ್ರೆನಾರ್ಫಿನ್ ಕೊಡುತ್ತಾರಾ, ಬಿಡುಗಡೆ ಆದ ಮೇಲೆ ಯಾರು ನೋಡುತ್ತಾರೆ ಎಂದು ಕೇಳಿ. ‘ನಮ್ಮಲ್ಲಿ ಔಷಧವೇ ಇಲ್ಲ, ಶಿಸ್ತೇ ಔಷಧ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಆರು ತಿಂಗಳು ಒಳಗಿಟ್ಟು ಏನೂ ಔಷಧ ಕೊಡದೆ ಹೊರಗೆ ಬಿಟ್ಟರೆ ಏನಾಗಬಹುದು ಎಂದು ಮೇಲೆ ಆ ತಾಯಿಗೆ ಬರೆದಿದ್ದೇನೆ.

ಸದಸ್ಯರೊಬ್ಬರು: ಜಾಸ್ತಿಯಾಗಿ ಉಸಿರು ನಿಲ್ಲುವ ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಮಜ್ಜಿಗೆ ಕುಡಿಸಿದರೆ ಇಳಿಯುತ್ತದಾ?

ಉತ್ತರ: ಮಜ್ಜಿಗೆ, ಉಪ್ಪುನೀರು, ಹಾಲು ಏನೂ ಬೇಡ, ಉಸಿರುನಾಳಕ್ಕೆ ಹೋಗುತ್ತದೆ. ಕರೆದರೆ ಎದ್ದೇಳುತ್ತಿಲ್ಲ, ಉಸಿರು ನಿಧಾನ, ತುಟಿ ಉಗುರು ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು: ಇಷ್ಟು ಕಂಡರೆ 108ಕ್ಕೆ ಕರೆ ಮಾಡಿ, ಹೆರಾಯಿನ್ ಎಂದು ಸ್ಪಷ್ಟವಾಗಿ ಹೇಳಿ. ಉಸಿರು ನಿಂತಿದ್ದರೆ ಬಾಯಿಂದ ಬಾಯಿಗೆ ಉಸಿರು ಕೊಡಿ. ನಾಡಿಯೂ ಇಲ್ಲದಿದ್ದರೆ ಎದೆ ಒತ್ತಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ. ಆಸ್ಪತ್ರೆಯಲ್ಲಿ ನ್ಯಾಲಾಕ್ಸೋನ್ ಇಂಜೆಕ್ಷನ್ ಕೊಟ್ಟರೆ ನಿಮಿಷಗಳಲ್ಲಿ ಎಚ್ಚರವಾಗುತ್ತದೆ. ಎದ್ದ ಕೂಡಲೇ ‘ಸರಿಹೋಯ್ತು, ಮನೆಗೆ ಹೋಗ್ತೀನಿ’ ಎನ್ನುತ್ತಾರೆ. ಬಿಡಬೇಡಿ. ಆ ಔಷಧ ಒಂದೊಂದೂವರೆ ಗಂಟೆಯೊಳಗೆ ಇಳಿಯುತ್ತದೆ, ಮತ್ತೆ ಉಸಿರು ಕುಗ್ಗಬಹುದು.

ಪ್ರಶ್ನೆ (ಮೊದಲು ಕೇಳಿದ ತಾಯಿ): ಅಣ್ಣನಿಗೆ ಇದನ್ನೆಲ್ಲ ಓದಿ ಹೇಳಿದೆ. ಬ್ಯುಪ್ರೆನಾರ್ಫಿನ್ ಶುರು ಮಾಡುತ್ತೇವೆ. ಒಂದು ಅನುಮಾನ. ಮುಂದಿನ ವಾರ ಅವನ ಬುದ್ಧಿಹಲ್ಲು ತೆಗೆಸಬೇಕು. ಮಾತ್ರೆ ನಿಲ್ಲಿಸಬೇಕಾ? ದಂತವೈದ್ಯರಿಗೆ ಹೇಳಲೇಬೇಕಾ?

ಉತ್ತರ: ನಿಲ್ಲಿಸಬೇಡಿ, ಹೇಳಲೇಬೇಕು. ಬೇಕಿದ್ದರೆ ನಿಮ್ಮ ಮನೋವೈದ್ಯರಿಂದ ಎರಡು ಸಾಲಿನ ಚೀಟಿ ತೆಗೆದುಕೊಂಡು ಹೋಗಿ. ಹಲ್ಲಿನ ಜಾಗ ಮರಗಟ್ಟಿಸುವ ಇಂಜೆಕ್ಷನ್‌ಗೆ ಏನೂ ತೊಂದರೆಯಿಲ್ಲ. ನೋವಿಗೆ ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೇನ್ ಸಾಮಾನ್ಯವಾಗಿ ಸಾಕು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದರೆ ಐಬುಪ್ರೊಫೇನ್ ಬೇಡ. ಟ್ರಾಮಡಾಲ್, ಟಪೆಂಟಡಾಲ್ ಬರೆದುಕೊಟ್ಟರೆ ಮೆಡಿಕಲ್ ಶಾಪ್‌ಗೆ ಹೋಗುವ ಮುಂಚೆ ಫೋನ್ ಮಾಡಿ ಕೇಳಿ, ಅವೂ ಇದೇ ಗುಂಪಿನವು. ಟಪೆಂಟಡಾಲ್ ಅಂತೂ ನಮ್ಮಲ್ಲಿ ಪುಡಿ ಮಾಡಿ ಇಂಜೆಕ್ಷನ್ ಹಾಕಿಕೊಳ್ಳುವ ಮಟ್ಟಕ್ಕೆ ಹೋಗಿದೆ.

ಹಲ್ಲಿನ ಮಾತು ಬಂದಿದ್ದು ಒಳ್ಳೆಯದಾಯಿತು. ಈ ಮಾತ್ರೆ ಬಾಯಲ್ಲಿ ಕರಗುವುದರಿಂದ ಹಲ್ಲು ಹಾಳಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಕೆ ಕೊಟ್ಟಿತು. ಪೂರ್ತಿ ಕರಗಿದ ಮೇಲೆ ಒಂದು ಗುಟುಕು ನೀರು ಬಾಯಲ್ಲಿ ಆಡಿಸಿ ನುಂಗಬೇಕು, ಹಲ್ಲುಜ್ಜಲು ಒಂದು ಗಂಟೆ ಬಿಡಬೇಕು. ಹಲ್ಲು ತೆಗೆಸಿದ ದಿನ ಮಾತ್ರ ನೀರು ಜೋರಾಗಿ ಆಡಿಸುವುದು ಬೇಡ, ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ. ಅವತ್ತಿನ ಮಾತ್ರೆಯನ್ನು ಬೆಳಿಗ್ಗೆ ದಂತವೈದ್ಯರ ಹತ್ತಿರ ಹೋಗುವ ಮುಂಚೆಯೇ ಕೊಟ್ಟುಬಿಡಿ.