ಗುಬ್ಬಿ ಮನೆ ಗುಂಪು: ಡಿಸ್ಕ್ ಇರೋದೋ, ಇಲ್ಲದ್ದೋ?

ಭಾವ: (ಫೋಟೋ) ಎಲ್ಲರೂ ಇದನ್ನ ನೋಡಿ. ತುಮಕೂರು ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಟಿವಿಗೆ ಜೋಡಿಸಿ ಆಡುವ ಗೇಮ್ ಮಷೀನು, ಪ್ಲೇಸ್ಟೇಷನ್ 5ರ (ಪಿಎಸ್5) ಡಿಜಿಟಲ್ ಮಾದರಿ ಇದೆ. ಬೇಸಿಗೆ ರಜೆಗೆ ಮಕ್ಕಳೆಲ್ಲ ಗುಬ್ಬಿಗೆ ಬರುತ್ತಾರೆ. ಐದೂ ಮನೆಯವರು ಸೇರಿ ತಗೊಳ್ಳೋಣ. ಸಂಜೆ ಮುಂಗಡ ಕೊಟ್ಟು ಬರಲಾ?

ಅಕ್ಕ: ಕೊಡಿ ಕೊಡಿ. ಮಕ್ಕಳಿಗೆ ಹೇಳಿಬಿಟ್ಟಿದ್ದೇನೆ.

ನಾನು: ಭಾವ, ದಯವಿಟ್ಟು ಇವತ್ತು ಕೊಡಬೇಡಿ. ತಗೊಳ್ಳೋಣ, ನನಗೂ ಆಸೆ ಇದೆ. ಆದರೆ ಈ ಮಾದರಿ ಬೇಡ. ಇದಕ್ಕೆ ಡಿಸ್ಕ್ ಹಾಕುವ ಜಾಗವೇ ಇಲ್ಲ.

ಭಾವ: ಡಿಸ್ಕ್ ಯಾಕಯ್ಯ ಈ ಕಾಲದಲ್ಲಿ? ಎಲ್ಲಾ ಡೌನ್‌ಲೋಡ್. ದುಡ್ಡೂ ಉಳಿಯುತ್ತದೆ.

ನಾನು: ಎಷ್ಟು ಉಳಿಯುತ್ತದೆ ನೋಡೋಣ. ಈ ಸ್ಲಿಮ್ ಮಾದರಿ 2024ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಂದಾಗ ಡಿಸ್ಕ್ ಇರುವುದು 54,990, ಇಲ್ಲದ್ದು 44,990. ವ್ಯತ್ಯಾಸ 10,000. ಐದು ಮನೆಗೆ ಹಂಚಿದರೆ ತಲಾ 2,000. ನನ್ನ ಹತ್ತಿರ ಹಳೆ ಪ್ಲೇಸ್ಟೇಷನ್ 4ರ (ಪಿಎಸ್4) 14 ಗೇಮ್ ಡಿಸ್ಕ್ ಇವೆ. ಮಷೀನು ಮಾರಿದೆ, ಡಿಸ್ಕ್ ಮಾರಲಿಲ್ಲ. ಪಿಎಸ್4ನ ಬಹುತೇಕ ಗೇಮ್‌ಗಳು ಪಿಎಸ್5ರಲ್ಲಿ ನಡೆಯುತ್ತವೆ. ಡಿಸ್ಕ್ ಇರುವುದು ತಗೊಂಡರೆ ಮೊದಲ ದಿನವೇ ಮಕ್ಕಳಿಗೆ ಅಷ್ಟೂ ಸಿಗುತ್ತವೆ. ಡಿಜಿಟಲ್ ತಗೊಂಡರೆ ಅದೇ ಗೇಮ್‌ಗಳನ್ನು ಇನ್ನೊಂದು ಸಲ ದುಡ್ಡು ಕೊಟ್ಟು ತರಬೇಕು. ಆಗ ಆ 10,000 ಎಲ್ಲಿ ಉಳಿಯಿತು?

ಭಾವ: ಆಮೇಲೆ ಬೇಕಾದರೆ ಡಿಸ್ಕ್ ಓದುವ ಡ್ರೈವ್ ಬೇರೆ ತಂದು ಸಿಕ್ಕಿಸಬಹುದಂತೆ. ಅಂಗಡಿಯವನೇ ಹೇಳಿದ.

ನಾನು: ಅದು ನಿಜ. ಸಿಕ್ಕಿಸಿದ ಮೇಲೆ ಒಂದು ಸಲ ನೆಟ್‌ಗೆ ಜೋಡಿಸಿ ನೋಂದಾಯಿಸಬೇಕು, ಅಷ್ಟೆ. ಆದರೆ ಐದು ಮನೆಯವರು ಇನ್ನೊಂದು ಸಲ ದುಡ್ಡು ಸೇರಿಸುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ವಾ? ಬೋರ್‌ವೆಲ್ ಮೋಟಾರಿನ ದುಡ್ಡು ಸೇರುವಷ್ಟರಲ್ಲಿ ಮಳೆಗಾಲವೇ ಬಂತು. ಇನ್ನೊಂದು ವಿಷಯ. ಗುಬ್ಬಿ ಮನೆಯಲ್ಲಿ ನೆಟ್ ಎಲ್ಲಿದೆ? ದೊಡ್ಡ ಗೇಮ್ ಅಂದರೆ 100 ಜಿಬಿ ಹತ್ತಿರ ಬರುತ್ತದೆ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ಸಿಕ್ಕರೂ ಅದು ಇಳಿಯಲು 22 ಗಂಟೆ ಬೇಕು, ಅದೂ ಕರೆಂಟು ಹೋಗದೆ ಇದ್ದರೆ. ದಿನಕ್ಕೆ 2 ಜಿಬಿ ಪ್ಯಾಕ್ ಆದರೆ 50 ದಿನ. ರಜೆಯೇ ಮುಗಿದಿರುತ್ತದೆ.

ಅತ್ತೆ: ಎರಡೂ ಬೇಡ ಅಂತ ನನ್ನ ಮಾತು. ಗೇಮ್ ಹಿಡಿದ ಮಕ್ಕಳು ಊಟಕ್ಕೂ ಏಳುವುದಿಲ್ಲ. ಫೋನಿನಲ್ಲಿ ಆಡಿ ನಮ್ಮ ಹುಡುಗ ನನ್ನ ಖಾತೆಯಿಂದ 3,000 ಕಳೆದಿದ್ದು ಮರೆತಿರಾ?

ನಾನು: ಮರೆತಿಲ್ಲ ಅತ್ತೆ. ಅದಕ್ಕೇ ಹೇಳುತ್ತಿದ್ದೇನೆ. ಫೋನಿನ ಗೇಮ್ ಬಿಟ್ಟಿ ಅಂತ ಬರುತ್ತದೆ, ಆಮೇಲೆ ದಿನಾ ಕಾಸು ಕೇಳುತ್ತದೆ. ಗೇಮ್ ಒಳಗೆ ಒಂದು ಪೆಟ್ಟಿಗೆ ತೋರಿಸುತ್ತದೆ, ತೆಗೆದರೆ ಏನು ಬರುತ್ತದೋ ಗೊತ್ತಿಲ್ಲ, ಆದರೂ ದುಡ್ಡು ಕಟ್ಟು ಅನ್ನುತ್ತದೆ. ಬೆಲ್ಜಿಯಂ ದೇಶ 2018ರಲ್ಲೇ ಇಂಥದ್ದನ್ನು ಜೂಜು ಅಂದಿತು. ಡಿಸ್ಕ್ ಗೇಮ್‌ಗಳಲ್ಲೂ ಕೆಲವು ಹೀಗಿವೆ. ಫುಟ್‌ಬಾಲ್ ಗೇಮ್ ಅದಕ್ಕೇ ತರುವುದಿಲ್ಲ. ಬ್ಯಾಂಕ್ ಕಾರ್ಡ್ ಜೋಡಿಸುವುದೂ ಇಲ್ಲ. ಹಾಲ್‌ನಲ್ಲಿ ಎಲ್ಲರ ಎದುರಿಗೆ, ಇಬ್ಬರಿಬ್ಬರು ಕೂತು ಆಡಲಿ. ಊಟದ ಹೊತ್ತಿಗೆ ರಿಮೋಟ್ ನಿಮ್ಮ ಕೈಯಲ್ಲಿ.

ತಮ್ಮ: ಅಣ್ಣ, ಒಂದು ಮಾತು. ಡಿಸ್ಕ್ ಇದ್ದರೆ ಗೇಮ್ ನಮ್ಮದೇ ಅಂತ ನೀನು ಯಾವಾಗಲೂ ಹೇಳುತ್ತೀಯ, ಅದು ಪೂರ್ತಿ ಸರಿಯಲ್ಲ. ದಿ ಕ್ರೂ ಏನಾಯಿತು?

ನಾನು: ಒಳ್ಳೆ ಪ್ರಶ್ನೆ ಕಣೋ. ಎಲ್ಲರಿಗೂ ಗೊತ್ತಾಗಲಿ ಅಂತ ಹೇಳುತ್ತೇನೆ. ದಿ ಕ್ರೂ 2014ರಲ್ಲಿ ಬಂದ ಕಾರ್ ರೇಸ್ ಗೇಮ್. ಯೂಬಿಸಾಫ್ಟ್ ಕಂಪನಿಯದ್ದು. ಒಬ್ಬರೇ ಆಡಿದರೂ ನೆಟ್ ಮೂಲಕ ಕಂಪನಿಯ ಸರ್ವರ್ (ದೂರದ ಕಂಪ್ಯೂಟರ್) ಬೇಕೇ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಡಿಸ್ಕ್ ಇದ್ದವರಿಗೂ ಗೇಮ್ ಹೋಯಿತು. ಗೇಮ್‌ಗಳನ್ನು ಹೀಗೆ ಸಾಯಿಸಬೇಡಿ ಅಂತ ಯುರೋಪಿನಲ್ಲಿ ದೊಡ್ಡ ಚಳವಳಿಯೇ ಶುರುವಾಯಿತು. ಅದಕ್ಕೆ ಸುಮ್ನೆ ಡಿಸ್ಕ್ ಇದ್ದರೆ ಸಾಲದು, ನೆಟ್ ಇಲ್ಲದೆ ನಡೆಯಬೇಕು, ಅದನ್ನು ನೋಡಿಯೇ ತರಬೇಕು. ಆದರೆ ಡಿಜಿಟಲ್‌ನಲ್ಲಿ ಕೈಗೆ ಏನೂ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕಾನೂನೇ ಇದೆ. ನೀವು ಕೊಳ್ಳುತ್ತಿರುವುದು ಬರೀ ಲೈಸೆನ್ಸ್, ಅಂದರೆ ಆಡುವ ಅನುಮತಿ ಅಂತ ಆನ್‌ಲೈನ್ ಅಂಗಡಿಯವರು ಮೊದಲೇ ತಿಳಿಸಬೇಕು.

ಭಾವ: ಅದೆಲ್ಲ ಹೊರದೇಶದ ಮಾತು. ನಮಗೆ ಯಾವತ್ತು ಹಾಗೆ ಆಗಿದೆ?

ನಾನು: ನನಗೇ ಆಗಿದೆ ಭಾವ. ಒಂದು ಆನ್‌ಲೈನ್ ಅಂಗಡಿಯಲ್ಲಿ ಆರು ಗೇಮ್ ತಗೊಂಡಿದ್ದೆ. ಫೋನ್ ನಂಬರ್ ಬದಲಾಯಿತು. ಒಟಿಪಿ ಈಗಲೂ ಹಳೆ ನಂಬರಿಗೇ ಹೋಗುತ್ತದೆ. ಎಷ್ಟು ಸಲ ಬರೆದರೂ ಅದೇ ಉತ್ತರ, ಒಟಿಪಿ ಹಾಕಿ ಅಂತ. ಆರೂ ಹೋದವು. ನಮ್ಮ ಪ್ಲೇಸ್ಟೇಷನ್‌ನ ಅಕೌಂಟ್ ಯಾರ ಹೆಸರಲ್ಲಿ ಮಾಡೋಣ ಹೇಳಿ. ನಿಮ್ಮ ಹೆಸರಲ್ಲಾ, ನನ್ನ ಹೆಸರಲ್ಲಾ? ನಾಳೆ ನಮ್ಮಲ್ಲಿ ಯಾರಾದರೂ ಮಾತು ಬಿಟ್ಟರೆ ಐದು ಮನೆಯವರು ದುಡ್ಡು ಹಾಕಿದ ಗೇಮ್‌ಗಳು ಒಬ್ಬರ ಪಾಸ್‌ವರ್ಡ್ ಹಿಂದೆ ಉಳಿಯುತ್ತವೆ. ಡಿಸ್ಕ್ ಆದರೆ ಬೀರುವಿನಲ್ಲಿ ಇರುತ್ತದೆ. ಯಾರು ಬೇಕಾದರೂ ತೆಗೆದು ಹಾಕಬಹುದು.

ಚಿಕ್ಕಮ್ಮ: ಇದು ಮಾತ್ರ ಸತ್ಯ ಕಣಪ್ಪ. ಹೊಸ ಟಿವಿ ತಂದ ಮೇಲೆ ಅಜ್ಜಿಗೆ ಚಂದನ ಹಾಕಿಕೊಳ್ಳುವುದಕ್ಕೇ ಆಗುತ್ತಿಲ್ಲ. ಆನ್ ಮಾಡಿದರೆ ಯಾರು ನೋಡುತ್ತಿದ್ದೀರಿ ಅಂತ ಕೇಳುತ್ತದೆ. ಮೊನ್ನೆ ಒಂದು ಗಂಟೆ ಸುಮ್ಮನೆ ಕೂತಿದ್ದರು.

ನಾನು: ನೋಡಿ ಚಿಕ್ಕಮ್ಮ, ನನ್ನ ಹೊಟ್ಟೆ ಉರಿಯುವುದೇ ಇದಕ್ಕೆ. ಮೊದಲು ಗುಂಡಿ ಒತ್ತಿದರೆ ಟಿವಿ ಬರುತ್ತಿತ್ತು. ಅಜ್ಜಿ ಮನೆಯ ಟಿವಿಗೆ ಅಜ್ಜಿಯೇ ಲಾಗಿನ್ ಆಗಬೇಕಾ? ತಾತನ ಎಚ್‌ಎಂಟಿ ವಾಚು ಈಗ ನನ್ನ ಕೈಯಲ್ಲಿದೆ. ತುಮಕೂರಿನ ಎಚ್‌ಎಂಟಿ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು, ಜಾಗ ಇಸ್ರೋಗೆ ಹೋಯಿತು. ಬೆಳಿಗ್ಗೆ ಕೀ ಕೊಟ್ಟರೆ ವಾಚು ಇವತ್ತಿಗೂ ಓಡುತ್ತದೆ, ಯಾವ ಕಂಪನಿಯನ್ನೂ ಕೇಳುವುದಿಲ್ಲ.

ಮಾವ: ಅಟ್ಟದ ಮೇಲೆ ನಮ್ಮ ಹಳೆ ವಿಡಿಯೋ ಗೇಮ್ ಇದೆಯಲ್ಲ, ಕಾಂಟ್ರಾ ಕ್ಯಾಸೆಟ್ ಇದ್ದದ್ದು. ಕಳೆದ ದೀಪಾವಳಿಗೆ ಕ್ಲೀನ್ ಮಾಡುವಾಗ ಹಾಕಿ ನೋಡಿದೆ. ಬಂತು.

ನಾನು: ನಿಜವಾಗಲೂ ಮಾವ? ಹೇಳಲೇ ಇಲ್ಲ! ಮೇಲೆ ಮೇಲೆ ಕೆಳಗೆ ಕೆಳಗೆ ಒತ್ತಿ 30 ಜೀವ ತಗೊಳ್ಳುವುದನ್ನು ನನಗೆ ಕಲಿಸಿದ್ದೇ ನೀವು. ಕಾಂಟ್ರಾ ಬಂದಿದ್ದು 1987ರಲ್ಲಿ. ನಾನು ಕೇಳುತ್ತಿರುವುದು ಅಷ್ಟೇ. ಈ ಮಕ್ಕಳು ದೊಡ್ಡವರಾಗಿ ಅಟ್ಟ ಹತ್ತಿದಾಗ ಅವರ ಗೇಮ್ ಕೂಡ ಹಾಕಿದರೆ ಬರಬೇಕು.

ಮಾವ: ಹಾಗಾದರೆ ಡಿಸ್ಕ್ ಇರುವುದೇ ಇರಲಿ. ಜಾಸ್ತಿ ಆಗುವ 10,000ದಲ್ಲಿ ನನ್ನದು 4,000.

ಅತ್ತೆ: ರಾತ್ರಿ ಎಂಟಕ್ಕೆ ಆಫ್ ಅಂದರೆ ನಾನೂ ಒಪ್ಪುತ್ತೇನೆ.

ಭಾವ: ಸರಿಯಪ್ಪ. ಆದರೆ ಡಿಸ್ಕ್ ಆದರೂ ಕೆಲವು ನಡೆಯುವುದಿಲ್ಲ ಅಂತ ನೀನೇ ಒಪ್ಪಿದೆ. ನಿನ್ನ 14ರಲ್ಲಿ ನೆಟ್ ಇಲ್ಲದೆ ಯಾವುದು ನಡೆಯುತ್ತದೆ ಅಂತ ಪಟ್ಟಿ ಹಾಕು. ಅದನ್ನು ನೋಡದೆ ನಾನು ಮುಂಗಡ ಕೊಡುವುದಿಲ್ಲ.

ನಾನು: ಆಗಲಿ ಭಾವ. ಕ್ಯಾತ್ಸಂದ್ರದ ಸ್ನೇಹಿತನ ಮನೆಯಲ್ಲಿ ಪಿಎಸ್5 ಇದೆ. ಭಾನುವಾರ ನೆಟ್ ತೆಗೆದು ಒಂದೊಂದನ್ನೂ ಹಾಕಿ ನೋಡಿ, ಇಲ್ಲೇ ಬರೆಯುತ್ತೇನೆ. ಮಾವ, ಆ ಕ್ಯಾಸೆಟ್ ಮಾತ್ರ ಯಾರಿಗೂ ಕೊಡಬೇಡಿ.