ಸಹಾಯ ಬೇಕು: ಆಕ್ಚುಯರಿ ಸಂಘಗಳ ಪರಸ್ಪರ ಮಾನ್ಯತೆ ಒಪ್ಪಂದದ ಬಗ್ಗೆ

ನಮಸ್ಕಾರ. ಹೊರದೇಶಕ್ಕೆ ಹೊರಟಿರುವ ಆಕ್ಚುಯರಿಗಳಿಗಾಗಿ (ವಿಮೆ, ಪಿಂಚಣಿಗಳ ಅಪಾಯವನ್ನು ಲೆಕ್ಕಹಾಕುವ ತಜ್ಞರು) ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಬೇರೆ ದೇಶದ ಸಂಘದಲ್ಲಿ ಸದಸ್ಯತ್ವ ಪಡೆದವರು ದಯವಿಟ್ಟು ನೆರವಾಗಿ.

ಅಂತರರಾಷ್ಟ್ರೀಯ ಆಕ್ಚುಯರಿ ಸಂಘವು ತನ್ನ ಪೂರ್ಣ ಸದಸ್ಯ ಸಂಘಗಳಿಗೆ ಕನಿಷ್ಠ ಪಠ್ಯಕ್ರಮ, ನೀತಿಸಂಹಿತೆ, ಶಿಸ್ತುಕ್ರಮ ಇರಲೇಬೇಕು ಎನ್ನುತ್ತದೆ. ಅಷ್ಟಿದ್ದ ಮಾತ್ರಕ್ಕೆ ಒಂದು ಸಂಘದ ಫೆಲೋ (ಪೂರ್ಣ ಅರ್ಹತೆ ಪಡೆದ ಸದಸ್ಯರು) ಇನ್ನೊಂದು ಸಂಘದಲ್ಲಿ ಸದಸ್ಯರಾಗುವುದಿಲ್ಲ. ಆ ಎರಡು ಸಂಘಗಳ ನಡುವೆ, ಒಂದರ ಅರ್ಹತೆಯನ್ನು ಇನ್ನೊಂದು ಒಪ್ಪುವ ಪ್ರತ್ಯೇಕ ಒಪ್ಪಂದ ಬೇಕು. ಹಲವರು ಎಡವುವುದು ಇನ್ನೊಂದು ಕಡೆ: ಫೆಲೋಶಿಪ್ ಎಂಬುದು ತಮ್ಮ ಸಂಘದ ಪರೀಕ್ಷೆ ಬರೆದೇ ಬಂದಿರಬೇಕು. ಮೂರನೆಯ ಸಂಘದ ಒಪ್ಪಂದದಿಂದ ಸಿಕ್ಕಿದ್ದು ಸಾಮಾನ್ಯವಾಗಿ ನಡೆಯದು.

ತಿಳಿಸಿ: ಶಿಸ್ತುಕ್ರಮ ಬಾಕಿಯಿಲ್ಲವೆಂಬ ಪತ್ರವನ್ನು ಸಂಘದಿಂದಲೇ ನೇರವಾಗಿ ಕಳಿಸಬೇಕಾಯಿತೇ? ಸ್ಥಳೀಯ ಅನುಭವ ಎಷ್ಟು ತಿಂಗಳು ಕೇಳಿದರು? ಅಲ್ಲಿನ ಕಾನೂನು, ತೆರಿಗೆ ಕುರಿತ ಕೋರ್ಸ್ ಇತ್ತೇ? ಅರ್ಜಿ ಹಾಕಿದ ವರ್ಷವನ್ನು ಮರೆಯದೆ ಬರೆಯಿರಿ. ಪಠ್ಯಕ್ರಮ ಬದಲಾದರೆ ಒಪ್ಪಂದದ ಷರತ್ತುಗಳೂ ಬದಲಾಗಬಹುದು.