ಡಿಸ್ಕ್ ಅನ್ನು ವರ್ಟ್‌ಐಒಗೆ ಬದಲಿಸಿದ ಕೂಡಲೇ ವಿಂಡೋಸ್ ವಿಎಂ ನೀಲಿ ಪರದೆ

ತುಂಗಾತೀರ: ಡೆಬಿಯನ್ 12 ಲಿನಕ್ಸ್ ಹೋಸ್ಟ್ (ಅಸಲಿ ಯಂತ್ರ) ಮೇಲೆ ಕೆವಿಎಂ, ಅಂದರೆ ವರ್ಚುವಲ್ ಯಂತ್ರ (ವಿಎಂ) ಓಡಿಸುವ ವ್ಯವಸ್ಥೆ. ಒಳಗೆ ವಿಂಡೋಸ್ ಸರ್ವರ್ 2019. ಮೊದಲಿದ್ದ ವೆಂಡರ್ ಡಿಸ್ಕ್ ಅನ್ನು ಐಡಿಇ, ನೆಟ್‌ವರ್ಕ್ ಕಾರ್ಡನ್ನು ಇ1000 ಅಂತ (ಎರಡೂ ಹಳೆಯ ಹಾರ್ಡ್‌ವೇರ್‌ನ ಅನುಕರಣೆ) ಇಟ್ಟು ಹೋಗಿದ್ದಾರೆ. ಅಕೌಂಟ್ಸ್ ಬ್ಯಾಕಪ್ ಶುರುವಾದರೆ ವಿಎಂ ತೆವಳುತ್ತದೆ, ಹೋಸ್ಟ್‌ನ ಸಿಪಿಯು ಏರುತ್ತದೆ. ಡಿಸ್ಕ್ ಬಸ್ (ಡಿಸ್ಕ್ ಜೋಡಿಸುವ ಬಗೆ) ಅನ್ನು ವಿಎಂಗಳಿಗೆಂದೇ ಮಾಡಿದ ವರ್ಟ್‌ಐಒಗೆ ಬದಲಿಸಿದೆ. ಬೂಟ್ ಆಗುವಾಗಲೇ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್". ಡೇಟಾ ಹೋಯಿತಾ?

ಹಳೇಕರ್ನಲ್: ಡೇಟಾಗೆ ಏನೂ ಆಗಿಲ್ಲ. ವಾಪಸ್ ಐಡಿಇ ಮಾಡಿ, ಬೂಟ್ ಆಗುತ್ತದೆ. ವಿಂಡೋಸ್ ಜೊತೆ ವರ್ಟ್‌ಐಒ ಡ್ರೈವರ್ ಬರುವುದಿಲ್ಲ. ಹಾಗಾಗಿ ತನ್ನ ಡಿಸ್ಕೇ ಅದಕ್ಕೆ ಕಾಣುತ್ತಿಲ್ಲ.

ಹೀಗೆ ಮಾಡಿ. ಬೂಟ್ ಡಿಸ್ಕ್ ಐಡಿಇಯಲ್ಲೇ ಇರಲಿ. ಒಂದು ಜಿಬಿಯ ಖಾಲಿ ಡಿಸ್ಕ್ ಅನ್ನು ವರ್ಟ್‌ಐಒ ಬಸ್ ಮೇಲೆ ಸೇರಿಸಿ, ವರ್ಟ್‌ಐಒ-ವಿನ್ ಐಎಸ್‌ಒ (ವಿಂಡೋಸ್‌ಗೆ ಬೇಕಾದ ವರ್ಟ್‌ಐಒ ಡ್ರೈವರ್‌ಗಳಿರುವ ಫೈಲ್) ಸಿಡಿಯಾಗಿ ಕೊಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಬರುತ್ತದೆ. ಅದಕ್ಕೆ ವಿಯೋಸ್ಟರ್ ಫೋಲ್ಡರ್‌ನ 2ಕೆ19 ಡ್ರೈವರ್ ಹಾಕಿ. ಖಾಲಿ ಡಿಸ್ಕ್ ಕಂಡರೆ ಶಟ್‌ಡೌನ್ ಮಾಡಿ, ಆಮೇಲೆ ಬೂಟ್ ಡಿಸ್ಕ್ ಬದಲಿಸಿ. ವರ್ಟ್‌ಐಒದ ಇನ್ನೊಂದು ಬಗೆಯಾದ ವರ್ಟ್‌ಐಒ-ಸ್ಕಝಿ ಬೇಕಿದ್ದರೆ ಖಾಲಿ ಡಿಸ್ಕೂ ಅದರ ಮೇಲೇ ಇರಬೇಕು, ಡ್ರೈವರ್ ವಿಯೋಸ್ಕಝಿ. ಒಂದಕ್ಕೆ ಹಾಕಿ ಇನ್ನೊಂದರಿಂದ ಬೂಟ್ ಮಾಡಿದರೆ ಮತ್ತೆ ಅದೇ ನೀಲಿ ಪರದೆ.

ತುಂಗಾತೀರ: ಬೂಟ್ ಆಯಿತು! ಬ್ಯಾಕಪ್ ನಡೆಯುವಾಗಲೂ ಈಗ ಆರಾಮಾಗಿ ಕೆಲಸ ಮಾಡಬಹುದು. ಬರೀ ಡ್ರೈವರ್‌ನಿಂದ ಇಷ್ಟು ವ್ಯತ್ಯಾಸ ಹೇಗೆ?

ಹಳೇಕರ್ನಲ್: ಐಡಿಇ ಅಂದರೆ ಕ್ಯೂಎಂಯು (ಕೆವಿಎಂ ಜೊತೆ ಹಾರ್ಡ್‌ವೇರ್ ಅನುಕರಿಸುವ ಪ್ರೋಗ್ರಾಂ) ಹಳೆಯ ಇಂಟೆಲ್ ಚಿಪ್ ಒಂದರ ವೇಷ ಹಾಕಿರುತ್ತದೆ. ಗೆಸ್ಟ್ (ವಿಎಂ ಒಳಗಿನ ವಿಂಡೋಸ್) ಅದರ ರಿಜಿಸ್ಟರ್ ಮುಟ್ಟಿದಾಗಲೆಲ್ಲ ಸಿಪಿಯು ಗೆಸ್ಟ್ ಬಿಟ್ಟು ಹೋಸ್ಟ್‌ಗೆ ಬರಬೇಕು. ಒಂದು ಓದಿಗೇ ಇಂಥ ಹಲವು ಸುತ್ತು. ವರ್ಟ್‌ಐಒದಲ್ಲಿ ತಾನು ವಿಎಂ ಒಳಗಿದ್ದೇನೆ ಅಂತ ಡ್ರೈವರ್‌ಗೇ ಗೊತ್ತು. ಗೆಸ್ಟ್, ಹೋಸ್ಟ್ ಇಬ್ಬರೂ ಹಂಚಿಕೊಂಡ ಮೆಮೊರಿಯ ರಿಂಗ್‌ನಲ್ಲಿ ಹತ್ತಾರು ಕೋರಿಕೆ ಇಟ್ಟು, ಒಂದೇ ಸಲ ಹೋಸ್ಟ್‌ಗೆ ಸೂಚನೆ ಕೊಡುತ್ತದೆ. ಮುಗಿದವು ಇನ್ನೊಂದು ರಿಂಗ್‌ನಲ್ಲಿ ವಾಪಸ್ ಬರುತ್ತವೆ. ಲಿನಕ್ಸ್ ಕರ್ನಲ್ ಡೆವಲಪರ್ ರಸ್ಟಿ ರಸೆಲ್ ಶುರು ಮಾಡಿದ ಈ ಕೆಲಸ 2008ರ ಜನವರಿಯಲ್ಲಿ ಲಿನಕ್ಸ್ 2.6.24ರ ಜೊತೆ ಬಂತು. ಆಮೇಲೆ ಓಯಾಸಿಸ್ ಎಂಬ ಮಾನದಂಡ ಸಂಸ್ಥೆ ಇದನ್ನು ಸ್ಟ್ಯಾಂಡರ್ಡ್ ಮಾಡಿತು. ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಯಂಥ ಬೇರೆ ಆಪರೇಟಿಂಗ್ ಸಿಸ್ಟಂಗಳು ಕೂಡ ತಮ್ಮದೇ ಡ್ರೈವರ್ ಬರೆದುಕೊಂಡಿವೆ. ನನಗೆ ತುಂಬಾ ಇಷ್ಟವಾದ ವಿಷಯ ಇದೇ.

ಬಿಟ್‌ಬಯಲು: ಇ1000 ಬಿಡಬೇಡಿ, ಅದನ್ನೂ ಬದಲಿಸಿ. ವರ್ಟ್‌ಐಒ ನೆಟ್‌ವರ್ಕ್ ಕಾರ್ಡಿನ ನೆಟ್‌ಕೆವಿಎಂ ಡ್ರೈವರ್ ಅದೇ ಐಎಸ್‌ಒದಲ್ಲಿದೆ. ಮೊದಲು ಸ್ಟ್ಯಾಟಿಕ್ ಐಪಿ, ಗೇಟ್‌ವೇ, ಡಿಎನ್‌ಎಸ್ ಬರೆದಿಟ್ಟುಕೊಳ್ಳಿ. ವಿಂಡೋಸ್‌ಗೆ ಅದು ಹೊಸ ಕಾರ್ಡ್, ಹಳೆಯ ಸೆಟ್ಟಿಂಗ್ ಬರುವುದಿಲ್ಲ. ರಿಮೋಟ್ ಡೆಸ್ಕ್‌ಟಾಪ್ ನಂಬಿ ಕೂರಬೇಡಿ, ಕನ್ಸೋಲ್‌ನಿಂದಲೇ ಮಾಡಿ.

ತುಂಗಾತೀರ: ಇದೇ ಹೋಸ್ಟ್‌ನಲ್ಲಿ ಹಳೆಯ ಸೆಂಟ್‌ಒಎಸ್ 7 ಲಿನಕ್ಸ್ ವಿಎಂ ಕೂಡ ಐಡಿಇಯಲ್ಲಿದೆ. ಅದಕ್ಕೂ ಖಾಲಿ ಡಿಸ್ಕ್ ಬೇಕಾ?

ಹಳೇಕರ್ನಲ್: ಬೇಡ, ಡ್ರೈವರ್ ಕರ್ನಲ್ ಜೊತೆಗೇ ಇದೆ. ಆದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಡ್ರೈವರ್‌ಗಳ ಕಟ್ಟು) ಒಳಗೆ ಇರದೇ ಇರಬಹುದು. ಅದನ್ನು ಕಟ್ಟುವ ಡ್ರಾಕಟ್ ಕಮಾಂಡ್ ಅನ್ನು ನೋ-ಹೋಸ್ಟ್‌ಓನ್ಲಿ ಆಯ್ಕೆ ಕೊಟ್ಟು ಓಡಿಸಿ, ಆಮೇಲೆ ಬಸ್ ಬದಲಿಸಿ. ಡಿಸ್ಕಿನ ಹೆಸರು ಎಸ್‌ಡಿಎ ಇದ್ದದ್ದು ವಿಡಿಎ ಆಗುತ್ತದೆ. ಹಾಗಾಗಿ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ವೇಳೆ ಜೋಡಿಸುವ ಡಿಸ್ಕ್‌ಗಳ ಪಟ್ಟಿ) ಆ ಹೆಸರಿನ ಬದಲು ಯುಯುಐಡಿ, ಅಂದರೆ ಬದಲಾಗದ ಗುರುತು, ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.